ಮೂಲೆ ಕತ್ತರಿಸಿದ ಕಾರ್ಡು

ಹಾವಗೆಪ್ಪನಿಗೆ ಸರ್ಕಾರಿ ನೌಕರಿ ಸಿಕ್ಕಿದ್ದು ಪ್ಲೇಗಿನ ದಯೆಯಿಂದ. ಬೇರೆಯವರು ಆಡಿಕೊಳ್ಳುವ ಮೊದಲು ಅವನೇ ಇದನ್ನು ಹೇಳಿಬಿಡುತ್ತಿದ್ದ. ಭಾಲ್ಕಿಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿ, ಇನ್ನು ದೊಡ್ಡ ಅಧಿಕಾರಿಯಾಗುವುದೊಂದೇ ಬಾಕಿ ಎಂದುಕೊಂಡು ಬೀದರಿಗೆ ಬಂದವನು, ತಹಸೀಲ ಕಚೇರಿಯ ಕಟ್ಟೆಯ ಮೇಲೆ ಎರಡು ವರ್ಷ ಉಮೇದವಾರನಾಗಿ ಕೂತಿದ್ದ. ಉಮೇದವಾರ ಎಂದರೆ ಸಂಬಳವಿಲ್ಲದೆ ಸಾಹೇಬರ ಹುಕ್ಕಾಕ್ಕೆ ಕೆಂಡ ತಂದುಕೊಡುತ್ತ, ಒಳಗಿರುವ ಯಾರಾದರೂ ವರ್ಗವಾಗಲಿ ಎಂದು ಹೊರಗೆ ಕೂತು ಆಶಿಸುವವನು. ಹಾವಗೆಪ್ಪ ಬಹಳ ಚೆನ್ನಾಗಿ ಆಶಿಸುತ್ತಿದ್ದ. ಆ ಕೆಲಸದಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ.

ನಿಜಾಮ ಸರ್ಕಾರದ ಫಸಲಿ ಲೆಕ್ಕದ ೧೩೨೧ರ ಚಳಿಗಾಲದಲ್ಲಿ ಬೀದರಿನ ಓಣಿಗಳಲ್ಲಿ ಇಲಿ ಸತ್ತು ಬೀಳತೊಡಗಿದವು. ಮೂರನೆಯ ದಿನ ಡಂಗುರ ಹೊಡೆಯಿತು: ಎಲ್ಲರೂ ಮನೆಗೆ ಬೀಗ ಹಾಕಿ, ಕೋಟೆ ಬಾಗಿಲು ದಾಟಿ, ನೌಬಾದಿನ ಬಯಲಿಗೆ ಹೋಗಿ ಇರತಕ್ಕದ್ದು. ಕಾಗದ ಹಂಚುವ ಚಪರಾಸಿ ಡಂಗುರ ಪೂರ್ತಿ ಕೇಳುವ ತನಕವೂ ನಿಲ್ಲಲಿಲ್ಲ. ಹೆಂಡತಿಯ ಊರಿಗೆ ಓಡಿದ. ಟಪ್ಪಾಖಾನೆಯ, ಎಂದರೆ ಅಂಚೆ ಕಚೇರಿಯ, ಮುಖ್ಯಸ್ಥರಾದ ಅಮೀರ ಪಾಶಾ ಸಾಹೇಬರು ಕಚೇರಿಯ ಕಟ್ಟೆಯ ಮುಂದೆ ಬಂದು ನಿಂತಾಗ ಅಲ್ಲಿ ಉಳಿದಿದ್ದವನು ಹಾವಗೆಪ್ಪ ಒಬ್ಬನೇ.

"ಓದಾಕ ಬರ್ತದೇನು, ಮಿಯಾ?"

"ನಾಲ್ಕನೇದ ತನಕ ಓದೀನ್ರಿ ಸಾಹೇಬ್ರ."

"ಪ್ಲೇಗಿಗೆ ಅಂಜತಿ?"

"ಭಾಳ ಅಂಜತೀನ್ರಿ. ಆದ್ರ ಊರಿಗಿ ಹೋದ್ರ ಅವ್ವ, ಏನ್ ಸಾಹೇಬ ಆದ್ಯೋ ಅಂತ ಕೇಳ್ತಾಳ್ರಿ. ಅದಕ್ಕ ಇನ್ನಾ ಅಂಜತೀನಿ."

ಅಂದೇ ನೇಮಕವಾಯಿತು. ಪ್ಲೇಗು ಇರುವ ತನಕ ನೌಕರಿ, ಹೋದ ಮೇಲೆ ನೋಡೋಣ ಎಂದರು ಪಾಶಾ ಸಾಹೇಬರು. ಕಾಗದ ಹಂಚುವ ಕೆಲಸಕ್ಕೆ ಸೇರಿದ ಆ ದಿನದವರೆಗೆ ಹಾವಗೆಪ್ಪನ ಮನೆಗೆ ಒಂದೇ ಒಂದು ಕಾಗದವೂ ಬಂದಿರಲಿಲ್ಲ. ಅವನ ನೆಂಟರಿಷ್ಟರೆಲ್ಲ ಭಾಲ್ಕಿಯ ಒಂದೇ ಓಣಿಯಲ್ಲಿದ್ದರು. ಹೇಳುವುದೇನಾದರೂ ಇದ್ದರೆ ಮಾಳಿಗೆಯ ಮೇಲೆ ನಿಂತು ಕೂಗುತ್ತಿದ್ದರು.

ನೌಬಾದಿನ ಬಯಲಿನಲ್ಲಿ ಜೋಳದ ಕಣಿಕೆಯ ಗುಡಿಸಲುಗಳು ಎದ್ದವು. ಸುತ್ತ ಒಂದು ಹಗ್ಗ, ಹಗ್ಗದ ಬಾಯಿಗೆ ಒಬ್ಬ ಜಮಾದಾರ. ಅರಳೀಕಟ್ಟೆಯಲ್ಲಿ ಕೂತು ಊರಿನ ನ್ಯಾಯ ಹೇಳುತ್ತಿದ್ದ ದೊಡ್ಡವರೂ, ಅವರ ಅಂಗಳ ಗುಡಿಸುತ್ತಿದ್ದವರೂ ಈಗ ಒಂದೇ ಅಳತೆಯ ಗುಡಿಸಲಿನ ಒಡೆಯರಾದರು. ಹಾವಗೆಪ್ಪ ಪ್ರತಿ ಗುಡಿಸಲಿಗೂ ಸುಣ್ಣದಲ್ಲಿ ಒಂದು ನಂಬರು ಬರೆದ. ಟಪ್ಪಾಖಾನೆಯೂ ಒಂದು ಗುಡಿಸಲೇ. ಹಗ್ಗದೊಳಗೆ ಹತ್ತು ದಿನ ಜ್ವರವಿಲ್ಲದೆ ಕಳೆದವರಿಗೆ ಡಾಕ್ಟರು ಒಂದು ಚಿಟ್ಠಿ ಕೊಡುತ್ತಿದ್ದರು. ಆದರೆ ಚಿಟ್ಠಿಯೊಂದಿದ್ದರೆ ಸಾಲದು. ಬೀದರಿನವರೆಂದರೆ ಸುತ್ತಲ ಹಳ್ಳಿಗಳು ಬಾಗಿಲು ಹಾಕುತ್ತಿದ್ದವು. ಆ ಹಳ್ಳಿಯವರೇ ಒಬ್ಬರು ಬಂದು, ಇವರು ನಮ್ಮವರು ಎಂದು ಕೈಹಿಡಿದು ಕರೆದೊಯ್ದರೆ ಮಾತ್ರ ಒಳಗೆ ಪ್ರವೇಶ. ಹಾಗಾಗಿ ಬಯಲಿನಲ್ಲಿದ್ದವರಿಗೆಲ್ಲ ಕಾರ್ಡು ಬರೆಯುವುದೇ ಉದ್ಯೋಗ. ಕಾರ್ಡು ಹೋಗಬೇಕು, ಗಾಡಿ ಬರಬೇಕು.

ಕಾರ್ಡು ಹೋದವರಿಗೆಲ್ಲ ಗಾಡಿ ಬರುತ್ತಿರಲಿಲ್ಲ. ಹನ್ನೊಂದನೆಯ ನಂಬರಿನ ಸಖುಬಾಯಿಗೆ ಬರಲಿಲ್ಲ.

ಸಖುಬಾಯಿ ಸಂತಪುರದ ಕುರಿ ಸಾಕುವವರ ಮನೆಯ ಮಗಳು. ಗಂಡ ತೀರಿಕೊಂಡ ಮೇಲೆ ಬೀದರಿನಲ್ಲಿ ಒಂದು ಕೋಣೆ ಹಿಡಿದು ಕಂಬಳಿ ಮಾರಿಕೊಂಡಿದ್ದಳು. ಸಂತಪುರದಲ್ಲಿ ಅವಳಿಗಿದ್ದವನು ಒಬ್ಬನೇ ತಮ್ಮ, ಧೊಂಡಿಬಾ. ಐದು ವರ್ಷದ ಹಿಂದೆ ಸಖುಬಾಯಿ, ತಮ್ಮನ ಹೊಸ ಹೆಂಡತಿ ಪುತಳಾಬಾಯಿ ಬಡಿದ ಮೊದಲ ರೊಟ್ಟಿಯನ್ನು ಎತ್ತಿ ಹಿಡಿದು, ಇದರಿಂದ ಚಪ್ಪಲಿಗೆ ಅಟ್ಟೆ ಹಾಕಬಹುದು ಎಂದು ಹತ್ತು ಜನರೆದುರು ಹೇಳಿದ್ದಳು. ಆಮೇಲೆ ತವರಿನಿಂದ ಕರೆಯೋಲೆ ಬಂದಿರಲಿಲ್ಲ. ಈಗ ಆ ತಮ್ಮ ಬಂದು ಕರೆದರೆ ಅವಳಿಗೆ ಮನೆ, ಇಲ್ಲದಿದ್ದರೆ ಬಯಲು.

ಬಯಲಿನಲ್ಲಿ ಬರೆಯಲು ಬರುವವರು ಬೆರಳೆಣಿಕೆಯಷ್ಟಿದ್ದುದರಿಂದ ಕಾಗದ ಹಂಚುವ ಹಾವಗೆಪ್ಪನೇ ಕಾಗದ ಬರೆಯಬೇಕಾಗಿತ್ತು. ಸಖುಬಾಯಿಯ ಮೊದಲ ಕಾರ್ಡನ್ನು ಅವನು ಮೈಯೆಲ್ಲ ಕೈಯಾಗಿ ಬರೆದ.

"ಏನ್ ಬರದಿ, ಓದು," ಎಂದಳು ಸಖುಬಾಯಿ.

ಹಾವಗೆಪ್ಪ ಗಂಟಲು ಸರಿಮಾಡಿಕೊಂಡು ಓದಿದ. "ಚಿರಂಜೀವಿ ಧೊಂಡಿಬಾನಿಗೆ ಸಖುಬಾಯಿಯು ಮಾಡುವ ಅನೇಕ ಆಶೀರ್ವಾದಗಳು. ನಾವು ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಕ್ಷೇಮ ಸಮಾಚಾರಕ್ಕೆ ಆಗಾಗ್ಗೆ ಬರೆಯುತ್ತಿರಬೇಕು."

"ಎಲ್ಲಾರೂ ಕ್ಷೇಮ? ಯಾರೋ ಕ್ಷೇಮ? ಊರ ಬಿಟ್ಟು ಬಯಲಾಗ ಕುಂತೀನಿ, ಬಾಜೂಕಿನ ಮುದುಕ ಜ್ವರ ಬಂದು ನರಳ್ಲಿಕತ್ಯಾನ. ಕ್ಷೇಮ ಇದ್ರ ಆಂವಾ ಯಾಕ ಬರ್ತಾನ?"

"ಕಾಗದ ಅಂದ್ರ ಹಂಗೇ ಬರೀಬೇಕು ಕಾಕಿ. ಪದ್ಧತಿ ಅದ."

"ನಿನ್ನ ಪದ್ಧತಿಗಿ ಬೆಂಕಿ ಹಚ್ಚಲಿ. ಗಾಡಿ ತಗೊಂಡು ಬಾ ಅಂತ ಬರಿ."

ಹಾವಗೆಪ್ಪ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಜಾಗಾ ಇಲ್ಲ ಕಾಕಿ. ತುಂಬ್ಯದ."

ಎರಡನೆಯ ಕಾರ್ಡನ್ನು ಸಖುಬಾಯಿ ತಾನೇ ಹೇಳಿ ಬರೆಸಿದಳು. ಅದರಲ್ಲಿ ತಮ್ಮನ ಹುಟ್ಟಿನಿಂದ ಹಿಡಿದು ಬುದ್ಧಿಯ ತನಕ ಎಲ್ಲದರ ವರ್ಣನೆಯಿತ್ತು, ಗಾಡಿಯ ಮಾತು ಮಾತ್ರ ಮರೆತುಹೋಗಿತ್ತು. ಮೂರನೆಯದು ಸರಿಯಾಗಿತ್ತು: ಬಾ, ಕರಕೊಂಡು ಹೋಗು. ಮೂರಕ್ಕೂ ಉತ್ತರವಿಲ್ಲ. ದಿನಾ ಬೆಳಿಗ್ಗೆ ಟಪ್ಪಾ ಗುಡಿಸಲಿಗೆ ಬಂದು, "ಏನಪಾ ಟಪ್ಪಾ ಸಾಹೇಬ, ಬಂತೇನ?" ಎಂದು ಕೇಳುವಳು. ಇಲ್ಲ ಎಂದರೆ, "ನಿನ್ನ ಅಕ್ಷರಾನೇ ಸರಿ ಇಲ್ಲ, ಕೋಳಿ ಕೆದರಿದಂಗ ಅದ. ಓದಿದಾಂವ ಹೆದರಿ ಒಗದಿರಬೇಕು," ಎಂದು ಹೋಗುವಳು. ಹಾವಗೆಪ್ಪನಿಗೂ ಇದೇ ಅನುಮಾನ ಇತ್ತು.

ಅಸಲು ಸಂಗತಿ ತಿಳಿದದ್ದು ಸುಭಾನನಿಂದ. ಸುಭಾನ ಔರಾದದ ದಾರಿಯ ಹರಕಾರ; ಈಟಿಗೆ ಗೆಜ್ಜೆ ಕಟ್ಟಿಕೊಂಡು, ಟಪಾಲಿನ ಚೀಲ ಹೊತ್ತು ಓಡುವವನು.

"ಕಾಗದ ಊರಾಗ ಹೋದ್ರಲ್ಲೇನು ಉತ್ತರ ಬರೋದು?" ಎಂದ ಅವನು, ನೀರು ಕುಡಿಯುತ್ತ. "ಸಂತಪುರದ ಪಂಚರು ಬೀದರಿನ ಕಾಗದ ಯಾರೂ ಮುಟ್ಟಬಾರ್ದು ಅಂದಾರ. ಊರ ಹೊರಗಿನ ಬೇವಿನ ಗಿಡಕ್ಕ ತೂಗಬಿಟ್ಟಾರ. ಗಾಳಿ ಬೀಸಿದ್ರ ಫಡಫಡ ಅಂತಾವ. ಗಿಡ ಓದ್ಲಿಕತ್ತಂಗ ಕಾಣ್ತದ."

ಎಲ್ಲ ಊರುಗಳಲ್ಲೂ ಇದೇ ಕಥೆ ಎಂದು ಮೇಲಿನವರಿಗೂ ತಿಳಿದಿರಬೇಕು. ನಾಲ್ಕು ದಿನದಲ್ಲಿ ಹುಕುಂ ಬಂತು: ಬಯಲಿನಿಂದ ಹೊರಡುವ ಪ್ರತಿ ಕಾಗದಕ್ಕೂ ಬೇವಿನ ಸೊಪ್ಪಿನ, ಗಂಧಕದ ಹೊಗೆ ಹಾಕಿ ಶುದ್ಧ ಮಾಡಿ ಕಳಿಸತಕ್ಕದ್ದು. ವಾಸನೆ ಮೂಸಿ ನೋಡಿದರೆ ಹಳ್ಳಿಯವರಿಗೆ ಧೈರ್ಯ ಬರುತ್ತದೆ. ಹುಕುಂನಲ್ಲಿ ಇದ್ದದ್ದು ಇಷ್ಟೇ. ಉಳಿದದ್ದನ್ನು ಹಾವಗೆಪ್ಪ ತನ್ನ ತಲೆಯಿಂದ ಸೇರಿಸಿದ.

ಹೊಗೆ ಹಾಕುವಾಗ ಅವನಿಗೊಂದು ತೊಡಕು ಬಂತು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಯಾವ ಕಾರ್ಡಿಗೆ ಹೊಗೆ ಹಾಕಿದ್ದಾಗಿದೆ, ಯಾವುದಕ್ಕೆ ಇಲ್ಲ ಎಂಬುದು ಕಲಸಿಹೋಗುತ್ತಿತ್ತು. ಕೆಲವು ಕಾರ್ಡುಗಳು ಮೂರು ಸಲ ಶುದ್ಧವಾದವು. ಆಗ ಅವನಿಗೆ ಹೊಳೆಯಿತು: ಹೊಗೆಯಾದ ಕಾರ್ಡಿನ ಒಂದು ಮೂಲೆಯನ್ನು ಕತ್ತರಿಯಿಂದ ನೀಟಾಗಿ ಕತ್ತರಿಸಿದರೆ ಗುರುತು ಸಿಗುತ್ತದಲ್ಲ! ಇಂಥ ಬುದ್ಧಿ ಮೊದಲು ಯಾರಿಗೂ ಬಂದಿರಲಾರದು ಎಂದು ಅವನು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. ಯಾರಿಗೂ ಬಂದಿರಲಿಲ್ಲ, ನಿಜ. ಒಂದೇ ಮಧ್ಯಾಹ್ನದಲ್ಲಿ ಮೂವತ್ತೆಂಟು ಕಾರ್ಡು ಕತ್ತರಿಸಿ, ಚೀಲದ ಬಾಯಿ ಹೊಲಿದು ಸುಭಾನನಿಗೂ ಭಾಲ್ಕಿಯ ದಾರಿಯ ಹರಕಾರನಿಗೂ ಒಪ್ಪಿಸಿದ. ಅದರಲ್ಲಿ ಸಖುಬಾಯಿಯ ನಾಲ್ಕನೆಯ ಕಾರ್ಡಿತ್ತು. "ಇದು ಕಡೀದು. ಇನ್ನ ಬರ್ಯಂಗಿಲ್ಲ," ಎಂದು ಹೇಳಿ ಬರೆಸಿದ್ದಳು. ಹಾವಗೆಪ್ಪ ತನ್ನ ಅವ್ವನಿಗೆ ಬರೆದ ಕಾರ್ಡೂ ಇತ್ತು: ನಾನು ಈಗ ಸರ್ಕಾರಿ ನೌಕರ.

ಮೂರನೆಯ ದಿನ ಬೆಳಿಗ್ಗೆ ಭಾಲ್ಕಿಯ ಕಡೆಯಿಂದ ಒಂದು ಗಾಡಿ ಬಂತು. ಗಾಡಿಗಿಂತ ಮುಂಚೆ ಅದರೊಳಗಿನ ಅಳು ಬಂತು. ಯಾರದೋ ಪಾಪ ಎಂದು ಹಾವಗೆಪ್ಪ ಗುಡಿಸಲಿನ ಹಿಂದೆ ನಿಂತು ಕೇಳಿದ. ದನಿ ಗುರುತಿನದು. ಅವನ ಅವ್ವ ಲಲಿತಾಬಾಯಿ!

"ಸಾವಿರಕ್ಕ ಒಬ್ಬ ಮಗ ಇದ್ಯಲ್ಲೋ! ಕೋಲಿನಂಗ ನೆಟ್ಟಗಿದ್ಯಲ್ಲೋ! ಎಷ್ಟ ಶ್ಯಾಣ್ಯಾ ಇದ್ಯಲ್ಲೋ!"

ತನ್ನ ಬಗ್ಗೆ ಇಷ್ಟು ಒಳ್ಳೆಯ ಮಾತುಗಳನ್ನು ಹಾವಗೆಪ್ಪ ಅವ್ವನ ಬಾಯಿಂದ ಎಂದೂ ಕೇಳಿರಲಿಲ್ಲ. ಇನ್ನೂ ಸ್ವಲ್ಪ ಕೇಳೋಣ ಎಂದು, ತಪ್ಪು ಎಂದು ಗೊತ್ತಿದ್ದೂ, ಅರೆಕ್ಷಣ ನಿಂತ. ಆಮೇಲೆ ಹೊರಗೆ ಬಂದ.

"ಅವ್ವಾ."

ಲಲಿತಾಬಾಯಿ ಗಾಡಿಯಿಂದ ಧುಮುಕಿದಳು. ಬಳಿಕ ಹಗ್ಗದ ಕೆಳಗೆ ನುಗ್ಗಿ ಬಂದು ಮಗನ ಕೆನ್ನೆಗೆ ಒಂದು ಬಿಟ್ಟಳು. "ಮೂಲಿ ಹರದು ಕಾರ್ಡ್ ಕಳಸ್ತಿ? ಹೆತ್ತಾಕಿಗಿ? ಓಣಿ ಓಣಿ ಅತ್ತೀವಿ, ಮೂಳಾ!"

"ಹರದಿಲ್ಲ ಅವ್ವಾ, ಕತ್ತರಸೀನಿ. ಹೊಗಿ ಹಾಕಿದ್ದಕ್ಕ ಗುರ್ತು."

"ಮೂಲಿ ಇಲ್ಲದ ಕಾರ್ಡ್ ಅಂದ್ರ ಸಾವಿಂದು ಅಂತ ಕುರಿ ಕಾಯೋರಿಗೂ ಗೊತ್ತದ. ಅದನ್ನ ಯಾರೂ ಮನಿಯೊಳಗ ಒಯ್ಯಂಗಿಲ್ಲ, ಪೂರಾ ಓದಂಗಿಲ್ಲ. ನೀ ಟಪ್ಪಾದಾಗ ಇದ್ದು ಇಷ್ಟೂ ಗೊತ್ತಿಲ್ಲೇನು?"

ಹಾವಗೆಪ್ಪ ಕೆನ್ನೆ ಸವರಿಕೊಂಡ. ತಲೆಯೆತ್ತಿ ನೋಡಿದರೆ ಭಾಲ್ಕಿಯ ದಾರಿಯಲ್ಲಿ ಧೂಳು, ಔರಾದದ ದಾರಿಯಲ್ಲಿ ಧೂಳು. ಗಾಡಿಯ ಹಿಂದೆ ಗಾಡಿ. ಜಮಾದಾರ ಎರಡೂ ಕೈ ಅಗಲಿಸಿ ನಿಂತಿದ್ದ. ಅಳುವ ಜನ ಅವನನ್ನು ಲೆಕ್ಕಿಸದೆ ಹಗ್ಗದಡಿಯಿಂದ ನುಗ್ಗುತ್ತಿದ್ದರು. ಒಳಗೆ ಅಳು, ಅದರ ಬೆನ್ನಿಗೆ ಕಿರುಚಾಟ, ಬೈಗುಳ, ಆಮೇಲೆ ನಗು.

ಹಾವಗೆಪ್ಪ ಹನ್ನೊಂದನೆಯ ನಂಬರಿಗೆ ಓಡಿದ. ಸಖುಬಾಯಿ ಇರಲಿಲ್ಲ. ಬಾಗಿಲ ಮುಂದೆ ಹೆಗಲ ಮೇಲೆ ಕಂಬಳಿ, ಕಂಕುಳಲ್ಲಿ ಒಂದು ಗಂಟು ಇಟ್ಟುಕೊಂಡ ಎತ್ತರದ ಗಂಡಸು ನಿಂತಿದ್ದ. ಬರಿಗಾಲು ಧೂಳಲ್ಲಿ ಬೆಳ್ಳಗಾಗಿತ್ತು. ಒಳಗಿನ ಖಾಲಿ ಒಲೆಯನ್ನು ನೋಡುತ್ತ ಕಂಬಳಿಯ ಅಂಚಿನಿಂದ ಕಣ್ಣೊರೆಸುತ್ತಿದ್ದ. ಬೆನ್ನ ಹಿಂದಿನಿಂದ ಕೊಡ ಹೊತ್ತುಕೊಂಡು ಸಖುಬಾಯಿ ಬಂದಳು. ಹಾವಗೆಪ್ಪ ಬಾಯಿ ತೆರೆಯುವಷ್ಟರಲ್ಲಿ ಅವಳೇ ಕೇಳಿದಳು.

"ಯಾರ್ ಬೇಕಾಗಿತ್ತು?"

ಆ ಗಂಡಸು ತಿರುಗದೆಯೇ ಹೇಳಿದ. "ನಮ್ಮ ಅಕ್ಕ, ಸಖುಬಾಯಿ. ಮಣ್ಣು ಎಲ್ಲಿ ಮಾಡ್ಯಾರ ಅಂತ ತೋರಸ್ರಿ, ಒಂದ್ ಹಿಡಿ ಮಣ್ಣು ಹಾಕಿ ಹೋಗ್ತೇನಿ."

"ಮಣ್ಣು ಇನ್ನಾ ಆಗಿಲ್ಲ. ಆಕಿ ನೀರಿಗಿ ಹೋಗಿದ್ಲು."

ಧೊಂಡಿಬಾ ತಿರುಗಿದ. ಕಂಕುಳಿನ ಗಂಟು ಕೆಳಗೆ ಬಿತ್ತು. "ಅಕ್ಕಾ! ನೀ ಸತ್ತಿಲ್ಲೇನು?"

"ನೀ ಬರಬೇಕಂದ್ರ ನಾ ಸಾಯಬೇಕಾಗಿತ್ತೇನೋ, ಬದ್ಮಾಶ?"

ಕೊಡ ಇಳಿಸುವುದಕ್ಕೂ ಪುರುಸೊತ್ತಿಲ್ಲದೆ ಇಬ್ಬರೂ ಅತ್ತರು; ಅರ್ಧ ನೀರು ಧೊಂಡಿಬಾನ ಮೇಲೆಯೇ ಚೆಲ್ಲಿತು. ಮೊದಲಿನ ಮೂರು ಕಾರ್ಡು ಗಿಡದಲ್ಲಿ ತೂಗುತ್ತಿದ್ದ ಸಂಗತಿ, ಅವು ತನ್ನವೆಂದು ತನಗೆ ಗೊತ್ತೇ ಇಲ್ಲದ ಸಂಗತಿ ಎಲ್ಲ ಅವನು ಹೇಳಿದ. ನಾಲ್ಕನೆಯದರಿಂದ ಬೇವಿನ ವಾಸನೆ ಬಂತೆಂದು ಪಂಚರು ಮುಟ್ಟಲು ಬಿಟ್ಟರು; ಸುಭಾನ ಹೆಸರು ಹೇಳಿ ಅವನ ಕೈಗೆ ಕೊಟ್ಟುಹೋದ. ಓದಿ ಹೇಳುವ ಪಟವಾರಿ ಔರಾದಕ್ಕೆ ಹೋಗಿದ್ದ. ಓದುವುದೇನಿತ್ತು? ಬೀದರಿನ ಕಾರ್ಡು, ಮೂಲೆ ಇಲ್ಲ. ಬೀದರಿನಲ್ಲಿ ಧೊಂಡಿಬಾನಿಗೆ ಇರುವವಳು ಒಬ್ಬಳೇ ಅಕ್ಕ.

ಸಖುಬಾಯಿ ಅಷ್ಟರಲ್ಲಿ ಗಂಟು ಬಿಚ್ಚಿದ್ದಳು. ಹೆಣಕ್ಕೆ ಹೊದಿಸಲು ತವರಿನಿಂದ ತರುವ ಹೊಸ ಸೀರೆ. ಹಸಿರು ಮೈ, ಕೆಂಪು ದಂಡೆ. ಬೆಳಕಿಗೆ ಹಿಡಿದು ನೋಡಿದಳು. "ಛಲೋ ಅದ. ದಂಡಿ ಘಟ್ಟಿ ಅದ. ಐದು ವರ್ಷದಾಗ ಇಂಥಾದೊಂದು ತಂದಿದ್ರ ನಿನ್ನ ಗಂಟೇನ್ ಹೋಗ್ತಿತ್ತು?" ಎಂದವಳು, ಹೆಣದ ಸೀರೆ ಉಡಬಾರದು ಎಂದು ಧೊಂಡಿಬಾ ಕೈ ಅಡ್ಡ ಹಿಡಿದರೂ ಕೇಳಲಿಲ್ಲ. "ಹೆಣ ಎಲ್ಲದ? ತೋರ್ಸು," ಎಂದಳು.

"ನಡಿ ಅಕ್ಕಾ, ಊರಿಗಿ ಹೋಗಮು," ಎಂದ ಧೊಂಡಿಬಾ. ಸಖುಬಾಯಿ ಕೇಳಲು ಕಾಯುತ್ತಿದ್ದ ಮಾತು ಅದೇ. ಆದರೆ ಅದೇ ಹೊತ್ತಿಗೆ ಜಮಾದಾರ ಬಂದು ನಿಂತ. ಹಗ್ಗದೊಳಗೆ ಕಾಲಿಟ್ಟವರು ಯಾರೇ ಇರಲಿ, ಹತ್ತು ದಿನ ಕಳೆದು ಚಿಟ್ಠಿ ಪಡೆಯದೆ ಹೊರಗೆ ಬಿಡುವ ಹಾಗಿಲ್ಲ. ಕರೆದೊಯ್ಯಲು ಬಂದವನೇ ಈಗ ಬಯಲಿನವನಾದ.

ಆ ಸಂಜೆ ಅಮೀರ ಪಾಶಾ ಸಾಹೇಬರು ಹಾವಗೆಪ್ಪನನ್ನು ಕರೆಸಿದರು. ಕತ್ತರಿ ಅವರ ಕೈಯಲ್ಲಿತ್ತು.

"ಅರೇ ಮಿಯಾ, ಪ್ಲೇಗು ಒಂದು ತಿಂಗಳದಾಗ ಈ ಬಯಲಿನ ಮೂರು ಮಂದಿನ ಒಯ್ದದ. ನೀ ಒಂದು ಮಧ್ಯಾಹ್ನದಾಗ ಮೂವತ್ತೆಂಟು ಮಂದಿನ ಕೊಂದಿ!"

"ಮೂವತ್ತೇಳ್ರಿ ಸಾಹೇಬ್ರ. ಮೂವತ್ತೆಂಟನೇದಾಂವ ನಾನೇ."

ಪಾಶಾ ಸಾಹೇಬರು ನಗು ತಡೆಯಲು ಗಡ್ಡ ಹಿಡಿದುಕೊಂಡರು. ಇವನನ್ನು ತೆಗೆಯಬೇಕೆಂದೇ ಬಂದಿದ್ದರು; ಆದರೆ ತೆಗೆದರೆ ಪ್ಲೇಗಿನ ಬಯಲಿಗೆ ಬರುವವರು ಯಾರು? "ಬಂದವ್ರ ಮನಿಗೆಲ್ಲ ನಾಳೆ ಕಾರ್ಡ್ ಹೋಗಬೇಕು. ಯಾರೂ ಸತ್ತಿಲ್ಲ, ಹತ್ತು ದಿನಕ್ಕ ಬರ್ತಾರ ಅಂತ. ಹೊಗಿ ಹಾಕು. ಕತ್ತರಿ ಮುಟ್ಟಿದ್ರ ನಿನ್ನ ನೌಕರಿ ಹೋಯ್ತು."

ಕತ್ತರಿಯಿಲ್ಲದೆ ಗುರುತು ಹೇಗೆ? ಓದಲು ಬಾರದವರಿಗೂ, ಹೆದರಬೇಡಿ ಎಂದು ಕಣ್ಣಿಗೆ ಕಾಣುವಂತೆ ಹೇಳುವುದು ಹೇಗೆ? ದಾರಿ ತೋರಿಸಿದವಳು ಸಖುಬಾಯಿ. "ಅರಿಷಿಣ ಹಚ್ಚು. ಛಲೋ ಸುದ್ದಿ ಅಂತ ಕುರುಡಗೂ ತಿಳಿತದ." ಹಾವಗೆಪ್ಪ ಹೊಗೆಯಾದ ಕಾರ್ಡಿಗೆಲ್ಲ ನಾಲ್ಕೂ ಮೂಲೆಗೆ ಅರಿಷಿಣ ಬಳಿದ. ಧೊಂಡಿಬಾ ಹೆಂಡತಿಗೆ ಬರೆಸಿದ ಕಾರ್ಡಿನಲ್ಲಿ ವಿಷಯವನ್ನು ಮೊದಲು ಬರೆದು, ಆಶೀರ್ವಾದವನ್ನು ಕಡೆಗೆ ಇಟ್ಟ: "ಅಕ್ಕ ಇದ್ದಾಳೆ. ನಾನೂ ಹತ್ತು ದಿನ ಇಲ್ಲಿಯೇ. ಆಮೇಲೆ ಗಾಡಿ ಕಳಿಸು." ಬರೆಯುವುದನ್ನು ತಾನು ಕೊನೆಗೂ ಕಲಿತೆ ಎಂದುಕೊಂಡ.

ಬೇರೆ ಊರುಗಳಲ್ಲಿ ಕಾರ್ಡನ್ನು ಓದಿದರು, ನಕ್ಕರು, ನಿಶ್ಚಿಂತರಾದರು. ಸಂತಪುರದ ಪಟವಾರಿ ಮಾತ್ರ ಔರಾದದಿಂದ ಇನ್ನೂ ಮರಳಿರಲಿಲ್ಲ.

ಐದನೆಯ ದಿನ ಮಧ್ಯಾಹ್ನ ಒಂದು ಗಾಡಿ ನೌಬಾದಿನ ದಾರಿಯಲ್ಲಿ ಹಾರಿಕೊಂಡು ಬಂತು. ಹೊಡೆಯುತ್ತಿದ್ದವಳು ಹೆಂಗಸು. ಹಗ್ಗದ ಮುಂದೆ ಎತ್ತು ನಿಲ್ಲಿಸಿ, ಕಚ್ಚೆ ಬಿಗಿದು ಇಳಿದಳು. ಕೈಯಲ್ಲಿ ಅರಿಷಿಣದ ಕಾರ್ಡು.

"ಎಲ್ಲಿದ್ದಾನ ಆ ಮದುಮಗ?"

"ಯಾರ್ರಿ?" ಎಂದ ಹಾವಗೆಪ್ಪ.

"ನನ್ನ ಗಂಡ, ಧೊಂಡಿಬಾ! ಅಕ್ಕನ ಮಣ್ಣಿಗಿ ಅಂತ ಬಂದಾಂವ ಇಲ್ಲಿ ಲಗ್ನ ಹೂಡ್ಯಾನ. ನನಗೇ ಅರಿಷಿಣದ ಕಾರ್ಡ್ ಕಳಸ್ಯಾನ, ಅಕ್ಷತಾ ಹಾಕಲಾಕ ಬಾ ಅಂತ!"

"ಅಕ್ಕಾರ, ಕಾರ್ಡ್ ಓದಿಸಿದ್ರೇನ್ರಿ?"

"ಓದ್ಸೋದೇನದ? ನಾಲ್ಕೂ ಮೂಲಿಗಿ ಅರಿಷಿಣ ಕಾಣಂಗಿಲ್ಲೇನು ನನಗ?"

ಜಮಾದಾರ ಅಡ್ಡ ಬರುವಷ್ಟರಲ್ಲಿ ಪುತಳಾಬಾಯಿ ಹಗ್ಗ ದಾಟಿದ್ದಳು. ಹಾವಗೆಪ್ಪ ಹಿಂದೆ ಓಡಿದ. ಒಂದೇ ವಾರದಲ್ಲಿ ಅವನು ಎರಡನೆಯ ಸಲ ಹನ್ನೊಂದನೆಯ ನಂಬರಿಗೆ ಜೀವ ಕೈಯಲ್ಲಿ ಹಿಡಿದು ಓಡುತ್ತಿದ್ದ. ಗುಡಿಸಲಿನ ಮುಂದೆ ಒಬ್ಬ ಹೆಂಗಸು ಬೆನ್ನು ತಿರುಗಿಸಿ ಜೋಳ ಕೇರುತ್ತಿದ್ದಳು. ಮೈಮೇಲೆ ಹಸಿರು ಸೀರೆ, ಕೆಂಪು ದಂಡೆ. ಔರಾದದ ಪೇಟೆಯಲ್ಲಿ ಪುತಳಾಬಾಯಿಯೇ ಆರಿಸಿ, ಸತ್ತ ಅಕ್ಕನಿಗೆಂದು ಅಳುತ್ತ ಗಂಡನ ಕೈಗೆ ಕೊಟ್ಟ ಸೀರೆ.

"ಹೆಣದ ಸೀರಿ ಹೊಸಾಕಿಗಿ ಉಡಸ್ಯಾನ!" ಎಂದು ಕೂಗಿ ಅವಳು ಆ ಹೆಂಗಸಿನ ತೋಳು ಹಿಡಿದು ಗರ್ರನೆ ತಿರುಗಿಸಿದಳು.

ಸಖುಬಾಯಿಯ ಮೋರೆ ಕಂಡದ್ದೇ ಪುತಳಾಬಾಯಿ ನಿಂತಲ್ಲೇ ಕುಸಿದಳು. "ದೆವ್ವಾ!" ಎಂದಳು.

"ದೆವ್ವ ಅಲ್ಲವ್ವಾ, ನಿನ್ನ ಗಂಡನ ಅಕ್ಕ," ಎಂದಳು ಸಖುಬಾಯಿ, ಮೊರದಿಂದ ಗಾಳಿ ಹಾಕುತ್ತ. "ನೀರ್ ಕುಡಿ. ನೀ ಹೊಡಕೊಂಡು ಬಂದ ಗಾಡಿ ಯಾರ್ದು?"

"ನಮ್ದು."

"ಎತ್ತು?"

"ನಮ್ಮವೇ."

"ಹಂಗಾದ್ರ ಒಳಗ ಬಾ."

ಪುತಳಾಬಾಯಿ ಅವಳ ಹೊಸ ಸೀರೆಯ ಸೆರಗು ಹಿಡಿದು ಗಳಗಳ ಅತ್ತಳು. "ಅಕ್ಕಾ, ನೀ ಹೋದಿ ಅಂತ ಮೂರು ದಿನ ಒಲಿ ಹಚ್ಚಿಲ್ಲ ನಾ." ಧೊಂಡಿಬಾ ಕಟ್ಟಿಗೆ ಹೊರೆ ಹೊತ್ತುಕೊಂಡು ಬಂದವನು, ಹೆಂಡತಿಯನ್ನು ಕಂಡು ಹೊರೆ ಇಳಿಸಲೋ ಓಡಲೋ ತಿಳಿಯದೆ ನಿಂತ. ಅವಳ ಕೈಯ ಕಾರ್ಡನ್ನು ಹಾವಗೆಪ್ಪ ತಾನೇ ಓದಿ ಹೇಳಿದ. ಬರೆದವನೇ ಓದಬೇಕಾಗಿ ಬಂದದ್ದು ಟಪ್ಪಾಖಾನೆಯ ಇತಿಹಾಸದಲ್ಲಿ ಅದೇ ಮೊದಲಿರಬೇಕು.

ಹಗ್ಗ ದಾಟಿದವಳಿಗೂ ಹತ್ತು ದಿನ. ತವರಿಗೆ ಹೋಗಬೇಕೆಂದು ಕಾಯುತ್ತಿದ್ದ ಸಖುಬಾಯಿಯ ಗುಡಿಸಲಿಗೆ ತವರೇ ಎತ್ತಿನ ಸಮೇತ ಬಂದು ಬಿಡಾರ ಹೂಡಿತು. ಎತ್ತಿಗೆ ಚಿಟ್ಠಿ ಬೇಕೋ ಬೇಡವೋ ಎಂದು ಜಮಾದಾರ ಮೇಲಿನವರಿಗೆ ಬರೆದು ಕೇಳಿದ. ಆ ಕಾಗದವನ್ನೂ ಹಾವಗೆಪ್ಪನೇ ಬರೆದುಕೊಟ್ಟ.

ಪುತಳಾಬಾಯಿ ಬಂದ ಹತ್ತನೆಯ ದಿನ ಮೂವರಿಗೂ ಚಿಟ್ಠಿ ಸಿಕ್ಕಿತು. ಬೆಳಿಗ್ಗೆ ಧೊಂಡಿಬಾ ಗಾಡಿ ಹೂಡಿದ. ಸಖುಬಾಯಿ ಕಂಬಳಿಯ ಗಂಟು ಹಾಕಿ, ಹಸಿರು ಸೀರೆಯ ಸೆರಗು ಹೊದ್ದು ಗಾಡಿಯಲ್ಲಿ ಕೂತಳು. ಪುತಳಾಬಾಯಿ ಅವಳ ಬೆನ್ನಿಗೆ ಒಂದು ಹುಲ್ಲಿನ ಸಿವುಡು ಇಟ್ಟಳು. ಸಖುಬಾಯಿ ಅದನ್ನು ತೆಗೆದಳು. ಪುತಳಾಬಾಯಿ ಮತ್ತೆ ಇಟ್ಟಳು.

"ಹೋಗಿ ಬರ್ತೇನಿ ಹಾವಗ್ಯಾ," ಎಂದಳು ಸಖುಬಾಯಿ. "ನಮ್ಮೂರಿಗಿ ಬಾ ಒಂದ್ಸಲ. ಬರೂ ಮೊದಲ ಕಾರ್ಡ್ ಮಾತ್ರ ಹಾಕಬ್ಯಾಡ."

ಗಾಡಿ ಹೊರಟಿತು. ನೌಬಾದಿನ ಇಳುಕಲು ದಾಟುವ ತನಕವೂ ನಾದಿನಿ ಅತ್ತಿಗೆಯರ ಏರಿದ ದನಿ ಕೇಳಿಸುತ್ತಲೇ ಇತ್ತು. ಜಗಳವೋ ಮಾತೋ ಹಾವಗೆಪ್ಪನಿಗೆ ತಿಳಿಯಲಿಲ್ಲ. ಎತ್ತುಗಳು ಮಾತ್ರ ಊರಿನ ದಾರಿ ಹಿಡಿದು ಸರಾಗ ನಡೆದಿದ್ದವು.